ಇನ್ನು ಈ ಬ್ರ್ಯಾಂಡ್ ಬೇಡ ಅನ್ನುವ ಮುನ್ನ: ಹೊಸಬರಿಗೆ ಒಂಬತ್ತು ಹಂತಗಳು

ಸಿಟ್ಟಿನಲ್ಲಿ ಒಂದು ಬ್ರ್ಯಾಂಡ್ ಬಿಡುವುದು ಸುಲಭ. ಬೆಳಿಗ್ಗೆ ಪೇಪರಿನಲ್ಲಿ ಓದಿದ ಸುದ್ದಿಗೆ ಮೈ ಉರಿಯುತ್ತದೆ, ಸಂಜೆ ಅಂಗಡಿಯಲ್ಲಿ ಆ ಸೋಪು ಬಿಟ್ಟು ಪಕ್ಕದ್ದನ್ನು ಎತ್ತಿಕೊಳ್ಳುತ್ತೇವೆ. ಕೆಲವು ವಾರ ಕಳೆಯುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ, 'ಮೂರು ಕೊಂಡರೆ ಒಂದು ಉಚಿತ' ಅನ್ನುವ ಬೋರ್ಡು ಕಾಣುತ್ತದೆ, ಹಳೆಯ ಸೋಪು ಬಚ್ಚಲಿಗೆ ವಾಪಸ್ಸು. ನೀವು ಬಿಟ್ಟಿದ್ದೂ ಆ ಕಂಪನಿಗೆ ಗೊತ್ತಾಗಲಿಲ್ಲ, ಮರಳಿ ಬಂದಿದ್ದೂ ಗೊತ್ತಾಗಲಿಲ್ಲ. ಪಕ್ಕದ ಸೋಪು ಅದೇ ಕಂಪನಿಯದ್ದೇ ಆಗಿದ್ದರಂತೂ ಮುಗಿದೇ ಹೋಯಿತು.

ಕೊಳ್ಳುವುದನ್ನು ನಿಲ್ಲಿಸುವುದನ್ನು ಅನೇಕರು ಮಡಿಯ ಹಾಗೆ ಮಾಡುತ್ತಾರೆ: ಮುಟ್ಟಿದರೆ ಮೈಲಿಗೆ, ಮುಟ್ಟದಿದ್ದರೆ ತಾನು ಶುದ್ಧ. ಅದನ್ನು ಚೌಕಾಸಿಯ ಹಾಗೆ ಮಾಡಬೇಕು. ಚೌಕಾಸಿಗೆ ಎದುರಿಗೊಬ್ಬ ವ್ಯಾಪಾರಿ ಬೇಕು, ನಿಮ್ಮ ಬೇಡಿಕೆ ಏನೆಂದು ಅವನಿಗೆ ಕೇಳಿಸಬೇಕು, ಅವನು ಒಪ್ಪಿದರೆ ನೀವು ಕೊಳ್ಳಲು ತಯಾರಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಬರೀ ಮುನಿಸು. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಬೇಕಾಗುವ ಸಾಮಾನು: ಒಂದು ನೋಟ್‌ಬುಕ್, ಕಳೆದ ತಿಂಗಳ ದಿನಸಿ ಚೀಟಿ ಮತ್ತು ಬಿಲ್ಲುಗಳು, ಒಂದು ಫೋನು, ವಾರಕ್ಕೊಮ್ಮೆ ಅರ್ಧ ಗಂಟೆ.

ಹಂತ 1: ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

'ಆ ಕಂಪನಿ ಸರಿಯಿಲ್ಲ' ಅನ್ನುವುದು ಕಾರಣವಲ್ಲ, ಅಭಿಪ್ರಾಯ. 'ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಕೊಡದ ಕಾರ್ಖಾನೆಯಲ್ಲಿ ಬಟ್ಟೆ ಹೊಲಿಸುವ ಬ್ರ್ಯಾಂಡ್ ನಮಗೆ ಬೇಡ' ಅನ್ನುವುದು ಕಾರಣ. ಯಾರು, ಏನು ಮಾಡಿದರು, ಏನು ಬದಲಾಗಬೇಕು, ಮೂರೂ ಅದರೊಳಗಿವೆ.

ಸಾಮಾನ್ಯವಾಗಿ ಕಾರಣಗಳು ಐದಾರು ಬಗೆ: ದುಡಿಯುವವರ ಕೂಲಿ ಮತ್ತು ಸುರಕ್ಷತೆ, ಬಾಲಕಾರ್ಮಿಕರು, ನೀರು-ನೆಲದ ಮಾಲಿನ್ಯ, ಪ್ರಾಣಿಗಳ ಮೇಲಿನ ಪ್ರಯೋಗ, ಆರೋಗ್ಯ ಕೆಡಿಸುವ ಸರಕು, ಸುಳ್ಳು ಜಾಹೀರಾತು. ಎಲ್ಲವೂ ಮುಖ್ಯವೇ. ಮೊದಲ ವರ್ಷ ಒಂದನ್ನು ಆರಿಸಿಕೊಳ್ಳಿ.

ಇಲ್ಲೇ ಒಂದು ಗಟ್ಟಿ ನಿಯಮ ಹಾಕಿಕೊಳ್ಳಬೇಕು. ನಡತೆ ನೋಡಿ ಬಿಡಬಹುದು, ಹುಟ್ಟು ನೋಡಿ ಬಿಡಬಾರದು. ಅಂಗಡಿಯವನ ಜಾತಿ, ಧರ್ಮ, ಊರು ಕಾರಣವಾದರೆ ಅದು ನೈತಿಕ ಖರೀದಿಯಲ್ಲ, ಹಳ್ಳಿಗಳಲ್ಲಿ ನೀರು, ದಿನಸಿ, ಕ್ಷೌರ ನಿಲ್ಲಿಸಿ ಜನರನ್ನು ಬಗ್ಗಿಸುವ ಹಳೆಯ ಬಹಿಷ್ಕಾರ. 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಟ್ಟದ್ದು ಈ ಜಾತಿಗೇ ಸೇರಿದ್ದು. ಅಲ್ಲಿ ಯಾವ ವ್ಯಾಪಾರಿಯ ತೂಕ, ಬೆಲೆ, ನಡವಳಿಕೆಯ ಬಗ್ಗೆಯೂ ದೂರಿರಲಿಲ್ಲ. ಪರಿಶಿಷ್ಟ ಜಾತಿ, ಪಂಗಡದವರ ಮೇಲೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹೇರುವುದು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿಯ ನಂತರ ಸ್ಪಷ್ಟವಾಗಿ ಶಿಕ್ಷಾರ್ಹ ಅಪರಾಧ. ನಿಮ್ಮ ವಾಕ್ಯದಲ್ಲಿ ಮಾಲೀಕನ ಹೆಸರು ತೆಗೆದು ಇನ್ನೊಬ್ಬನ ಹೆಸರು ಹಾಕಿ ಓದಿ. ಆಗಲೂ ಆಕ್ಷೇಪ ಹಾಗೇ ಉಳಿದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಮನೆಗೆ ಬರುವುದನ್ನು ಲೆಕ್ಕ ಹಾಕಿ

ಕೊಳ್ಳದೇ ಇದ್ದ ವಸ್ತುವನ್ನು ಬಿಡುತ್ತೇನೆ ಅಂದರೆ ಯಾರಿಗೂ ನಷ್ಟವಿಲ್ಲ. ಆದ್ದರಿಂದ ಬಿಲ್ಲುಗಳನ್ನು ಹರಡಿಕೊಂಡು ಮೂರು ಪಟ್ಟಿ ಮಾಡಿ: ಪ್ರತಿ ತಿಂಗಳು ಬರುವುದು (ಅಕ್ಕಿ, ಎಣ್ಣೆ, ಸೋಪು, ಬಿಸ್ಕತ್ತು, ಟೀ ಪುಡಿ), ವರ್ಷಕ್ಕೆ ನಾಲ್ಕಾರು ಸಲ ಬರುವುದು (ಬಟ್ಟೆ, ಚಪ್ಪಲಿ, ಶಾಲೆಯ ಸಾಮಾನು), ಅಪರೂಪಕ್ಕೆ ಬರುವುದು (ಫೋನು, ಫ್ರಿಜ್ಜು). ಪ್ರತಿಯೊಂದರ ಎದುರು ಬ್ರ್ಯಾಂಡ್, ಅದನ್ನು ಕೊಂಡ ಅಂಗಡಿ ಅಥವಾ ಆ್ಯಪ್, ಅಂದಾಜು ಮೊತ್ತ ಬರೆಯಿರಿ.

ಈಗ ನಿಮ್ಮ ಕಾರಣಕ್ಕೆ ತಾಗುವ ಒಂದೆರಡು ಸಾಲಿಗೆ ಮಾತ್ರ ಗೆರೆ ಎಳೆಯಿರಿ. ಗಾರ್ಮೆಂಟ್ಸ್ ಕೂಲಿ ನಿಮ್ಮ ಕಾರಣವಾದರೆ ಸೋಪಿನ ಸುದ್ದಿಗೆ ಸದ್ಯ ಹೋಗಬೇಡಿ. ಇಪ್ಪತ್ತು ಬ್ರ್ಯಾಂಡ್ ಒಟ್ಟಿಗೆ ಬಿಡಲು ಹೊರಟವರಿಗೆ ಅಂಗಡಿಗೆ ಹೋಗುವುದೇ ಒಂದು ಪರೀಕ್ಷೆಯಾಗುತ್ತದೆ. ಎರಡು ಬಿಟ್ಟವರು ಎರಡು ವರ್ಷವಾದರೂ ನಿಲ್ಲುತ್ತಾರೆ.

ಹಂತ 3: ಪೊಟ್ಟಣ ತಿರುಗಿಸಿ, ಹಿಂಬದಿ ಓದಿ

ಮುಂಬದಿ ಜಾಹೀರಾತು, ಹಿಂಬದಿ ದಾಖಲೆ. ಪೊಟ್ಟಣದ ಮೇಲೆ ಏನಿರಬೇಕು ಅನ್ನುವುದನ್ನು 2011ರ ಲೀಗಲ್ ಮೆಟ್ರಾಲಜಿ ನಿಯಮಗಳು ಹೇಳುತ್ತವೆ: ತಯಾರಕ, ಪ್ಯಾಕ್ ಮಾಡಿದವ ಅಥವಾ ಆಮದುದಾರನ ಹೆಸರು-ವಿಳಾಸ, ಆಮದಾದರೆ ಮೂಲ ದೇಶ, ಗ್ರಾಹಕರ ದೂರಿಗೆ ಫೋನು, ಇ-ಮೇಲ್. ತಿಂಡಿಯ ಪೊಟ್ಟಣವಾದರೆ ಇದರ ಜೊತೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ.

ಒಂದು ಬಿಸ್ಕತ್ತು ಪೊಟ್ಟಣ ಕೈಗೆತ್ತಿಕೊಳ್ಳಿ. ಸಣ್ಣಕ್ಷರದಲ್ಲಿ 'ಮಾರ್ಕೆಟೆಡ್ ಬೈ' ಅಂತ ಒಂದು ಹೆಸರು, 'ಮ್ಯಾನುಫ್ಯಾಕ್ಚರ್ಡ್ ಬೈ' ಅಂತ ಇನ್ನೊಂದು ಹೆಸರು ಇರಬಹುದು. ಮೊದಲನೆಯದು ದುಡ್ಡು ಮಾಡುವ ಬ್ರ್ಯಾಂಡಿನ ಒಡೆಯ, ಎರಡನೆಯದು ಗುತ್ತಿಗೆಗೆ ಮಾಡಿಕೊಡುವ ಯಾವುದೋ ಕೈಗಾರಿಕಾ ಪ್ರದೇಶದ ಘಟಕ. ಸೂಪರ್ ಮಾರ್ಕೆಟ್ಟುಗಳು ತಮ್ಮದೇ ಹೆಸರಿನಲ್ಲಿ ಮಾರುವ ಸಾಮಾನಿಗೆ ಬಹುಪಾಲು ಇದೇ ಏರ್ಪಾಡು. ಕೂಲಿಯ ಪ್ರಶ್ನೆ ಎರಡನೆಯ ಹೆಸರಿನಲ್ಲಿದೆ, ಉತ್ತರ ಕೊಡಬೇಕಾದ ಜವಾಬ್ದಾರಿ ಮೊದಲನೆಯದರಲ್ಲಿದೆ. ಎರಡನ್ನೂ ಬರೆದುಕೊಳ್ಳಿ.

ಆಮೇಲೆ ಆ ಒಡೆಯನ ಒಡೆಯ ಯಾರು ನೋಡಿ. ನಮ್ಮ ಎಂಟಿಆರ್ ಮಸಾಲೆಪುಡಿಯ ಕಂಪನಿ 2007ರಿಂದ ನಾರ್ವೆಯ ಓರ್ಕ್ಲಾ ಸಮೂಹಕ್ಕೆ ಸೇರಿದೆ. ಲಾಲ್‌ಬಾಗ್ ರಸ್ತೆಯ ಹೋಟೆಲು ಬೇರೆ, ಪೊಟ್ಟಣ ಬೇರೆ. ಥಮ್ಸ್ ಅಪ್ 1993ರಿಂದ ಕೋಕಾ-ಕೋಲಾ ಕೈಯಲ್ಲಿದೆ. ಸಿಗರೇಟು ಮಾರುವ ಕಂಪನಿ ಬೇಡ ಅನ್ನುವವರು ಐಟಿಸಿಯ ಪಟ್ಟಿ ನೋಡಿದರೆ ಬೆಚ್ಚಬಹುದು: ಆಶೀರ್ವಾದ್ ಹಿಟ್ಟು, ಸನ್‌ಫೀಸ್ಟ್ ಬಿಸ್ಕತ್ತು, ಮಗುವಿನ ಕ್ಲಾಸ್‌ಮೇಟ್ ನೋಟ್‌ಬುಕ್, ದೇವರ ಮುಂದಿನ ಮಂಗಳದೀಪ್ ಅಗರಬತ್ತಿ, ಎಲ್ಲವೂ ಅಲ್ಲಿಯವೇ. ಒಡೆತನ ಬದಲಾಗುತ್ತಲೂ ಇರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗ ವಿರೋಧಿಸಿಯೇ ಹೆಸರು ಮಾಡಿದ ಬ್ರಿಟನ್ನಿನ ಬಾಡಿ ಶಾಪ್ 2006ರಲ್ಲಿ ಲೊರಿಯಾಲ್‌ಗೆ ಮಾರಾಟವಾದಾಗ ಅದರ ಹಳೆಯ ಗಿರಾಕಿಗಳೇ ತಿರುಗಿಬಿದ್ದರು. 2017ರಲ್ಲಿ ಅದು ಬ್ರೆಜಿಲ್‌ನ ನ್ಯಾಟುರಾಗೆ ಹೋಯಿತು, 2023ರಲ್ಲಿ ಮತ್ತೆ ಕೈ ಬದಲಾಯಿತು. ಹಾಗಾಗಿ ನಿಮ್ಮ ಪಟ್ಟಿಯ ಪಕ್ಕ ತಾರೀಖು ಹಾಕಿಡಿ.

ಬಾರ್‌ಕೋಡ್ ಬಗ್ಗೆ ಒಂದು ಮಾತು. '890 ಅಂತ ಶುರುವಾದರೆ ಭಾರತದಲ್ಲಿ ತಯಾರಾದದ್ದು' ಅನ್ನುವ ಸಂದೇಶ ವಾಟ್ಸ್ಯಾಪಿನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಆ ಮೂರು ಅಂಕಿ ಹೇಳುವುದು ಇಷ್ಟೇ: ಕಂಪನಿ ತನ್ನ ಕೋಡನ್ನು ಜಿಎಸ್1 ಸಂಸ್ಥೆಯ ಭಾರತದ ಶಾಖೆಯಿಂದ ಪಡೆದಿದೆ. ವಸ್ತು ಎಲ್ಲಿ ತಯಾರಾಯಿತು, ಲಾಭ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಂತ 4: ಆರೋಪ ನಿಜವೇ ನೋಡಿ

ಫಾರ್ವರ್ಡ್ ಆಗಿ ಬಂದ ಸಂದೇಶಕ್ಕೆ ನಾಲ್ಕು ಪ್ರಶ್ನೆ ಹಾಕಿ. ಯಾವ ವರ್ಷದ್ದು? ಯಾವ ಊರಿನ ಯಾವ ಕಾರ್ಖಾನೆ? ಹೇಳಿದವರು ಯಾರು: ಕಾರ್ಮಿಕ ಸಂಘವೇ, ನ್ಯಾಯಾಲಯವೇ, ಪತ್ರಿಕೆಯೇ, ಪ್ರತಿಸ್ಪರ್ಧಿ ಕಂಪನಿಯೇ? ಕಂಪನಿ ಏನು ಉತ್ತರ ಕೊಟ್ಟಿದೆ? ನಾಲ್ಕಕ್ಕೂ ಉತ್ತರವಿಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.

ಹುಡುಕಲು ಒಳ್ಳೆಯ ಜಾಗಗಳಿವೆ, ಎಲ್ಲವೂ ಬಿಟ್ಟಿ.

ಒಂದು, ಕಂಪನಿ ತನ್ನ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ಬಗ್ಗೆ ಕೊಡುವ ಬಿಆರ್‌ಎಸ್‌ಆರ್ ವರದಿ. ಷೇರುಪೇಟೆಯ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳು 2022-23ರಿಂದ ಇದನ್ನು ಪ್ರಕಟಿಸಲೇಬೇಕೆಂದು ಸೆಬಿ ಕಡ್ಡಾಯ ಮಾಡಿದೆ. ಕನಿಷ್ಠ ವೇತನ ಎಷ್ಟು ಜನಕ್ಕೆ, ಅದಕ್ಕಿಂತ ಹೆಚ್ಚು ಎಷ್ಟು ಜನಕ್ಕೆ, ಲೈಂಗಿಕ ಕಿರುಕುಳದ ದೂರುಗಳೆಷ್ಟು, ನೀರು ಎಲ್ಲಿಂದ, ಕಸ ಎಲ್ಲಿಗೆ, ಕೋಷ್ಟಕಗಳಲ್ಲಿ ಸಿಗುತ್ತದೆ. ಕಂಪನಿಯೇ ತನ್ನ ಬಗ್ಗೆ ಬರೆದುಕೊಂಡದ್ದು ಅನ್ನುವುದು ನೆನಪಿರಲಿ. ಆದರೂ ಖಾಲಿ ಬಿಟ್ಟ ಕೋಷ್ಟಕವೂ ಒಂದು ಸುದ್ದಿಯೇ.

ಎರಡು, ಓಪನ್ ಸಪ್ಲೈ ಹಬ್ ಅನ್ನುವ ಜಾಲತಾಣ. ಕಾರ್ಖಾನೆಗಳ ಹೆಸರು, ವಿಳಾಸ, ಅವು ಯಾವ ಬ್ರ್ಯಾಂಡಿಗೆ ಕೆಲಸ ಮಾಡುತ್ತವೆ ಎಂಬ ಮಾಹಿತಿಯನ್ನು ನಕ್ಷೆಯ ಮೇಲೆ ತೋರಿಸುತ್ತದೆ. ಬೆಂಗಳೂರು ಅಂತ ಕೊಟ್ಟು ಹುಡುಕಿದರೆ ಪೀಣ್ಯ, ಬೊಮ್ಮಸಂದ್ರದ ಸುತ್ತ ಚುಕ್ಕಿಗಳು ಮೂಡುತ್ತವೆ. ವಿದೇಶದ ದುಬಾರಿ ಅಂಗಿ ನಿಮ್ಮ ಬಸ್ಸು ಹೋಗುವ ದಾರಿಯಲ್ಲೇ ಹೊಲಿದದ್ದು ಅಂತ ಗೊತ್ತಾಗಬಹುದು.

ಮೂರು, ಆ್ಯಪ್‌ಗಳ ವಿಷಯವಾದರೆ ಫೇರ್‌ವರ್ಕ್ ಇಂಡಿಯಾ ವರದಿ. ಬೆಂಗಳೂರಿನ ಐಐಐಟಿಯ ಸಂಶೋಧಕರ ತಂಡ ಡೆಲಿವರಿ, ಟ್ಯಾಕ್ಸಿ ಮುಂತಾದ ಪ್ಲಾಟ್‌ಫಾರ್ಮ್‌ಗಳಿಗೆ ಸಂಬಳ, ಕೆಲಸದ ಸ್ಥಿತಿ, ಕರಾರು, ನಿರ್ವಹಣೆ, ಸಂಘಟನೆಯ ಹಕ್ಕು ಎಂಬ ಐದು ವಿಷಯಗಳ ಮೇಲೆ ಹತ್ತಕ್ಕೆ ಅಂಕ ಕೊಡುತ್ತದೆ.

ಹಂತ 5: ದುಡಿಯುವವರು ಏನು ಕೇಳುತ್ತಿದ್ದಾರೆ ಕೇಳಿ

ಹೊಸಬರು ಹೆಚ್ಚಾಗಿ ಹಾರಿ ಹೋಗುವ ಹಂತ ಇದೇ, ಎಲ್ಲಕ್ಕಿಂತ ಮುಖ್ಯವೂ ಇದೇ. ಅನ್ಯಾಯ ಆದವರ ಹೆಸರಿನಲ್ಲಿ ನೀವು ಬಿಡುತ್ತಿದ್ದೀರಿ. ನೀವು ಬಿಡಬೇಕೆಂದು ಅವರು ಹೇಳಿದ್ದಾರೆಯೇ?

ಬಾಂಗ್ಲಾದೇಶದಲ್ಲಿ ನಡೆದ ಎರಡು ಘಟನೆ ನೋಡಿ. 1990ರ ದಶಕದ ಮೊದಲಲ್ಲಿ ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್, ಬಾಲಕಾರ್ಮಿಕರು ತಯಾರಿಸಿದ ಸರಕಿನ ಆಮದು ನಿಷೇಧಿಸುವ ಮಸೂದೆ ಮಂಡಿಸಿದರು. ಅದು ಕಾಯ್ದೆ ಆಗಲೇ ಇಲ್ಲ. ಆದರೆ ಮಾರುಕಟ್ಟೆ ಕೈತಪ್ಪುವ ಭಯಕ್ಕೆ ಬಾಂಗ್ಲಾದ ಗಾರ್ಮೆಂಟ್ಸ್ ಮಾಲೀಕರು ಮಕ್ಕಳನ್ನು ರಾತ್ರೋರಾತ್ರಿ ಹೊರಹಾಕಿದರು, ಯುನಿಸೆಫ್ ಅಂದಾಜಿನಲ್ಲಿ ಸುಮಾರು 50,000 ಮಕ್ಕಳನ್ನು. ಅವರಲ್ಲಿ ಅನೇಕರು ಶಾಲೆಗೆ ಹೋಗಲಿಲ್ಲ. ಕಲ್ಲು ಒಡೆಯುವುದು, ಬೀದಿ ವ್ಯಾಪಾರ, ಅದಕ್ಕಿಂತ ಕೆಟ್ಟ ಕೆಲಸಗಳಿಗೆ ಸೇರಿದರು. 1995ರಲ್ಲಿ ಮಾಲೀಕರ ಸಂಘ, ಐಎಲ್‌ಒ, ಯುನಿಸೆಫ್ ಕೂತು ಒಪ್ಪಂದ ಮಾಡಿಕೊಂಡು, ಶಾಲೆ ಮತ್ತು ಮಾಸಿಕ ಸಹಾಯಧನ ಏರ್ಪಾಡಾದ ಮೇಲಷ್ಟೇ ಸ್ಥಿತಿ ಸುಧಾರಿಸತೊಡಗಿತು.

ಇನ್ನೊಂದು, 2013ರ ಏಪ್ರಿಲ್ 24. ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟಂತಸ್ತಿನ ಕಟ್ಟಡ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಕೆಳಗಿನ ಅಂತಸ್ತಿನ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಗಾರ್ಮೆಂಟ್ಸ್‌ನವರನ್ನು ಮಾತ್ರ ಕೆಲಸಕ್ಕೆ ಕರೆದರು. ಬಾಂಗ್ಲಾದ ಬಟ್ಟೆಯೇ ಬೇಡ ಅನ್ನುವ ಕೂಗು ಹೊರಗೆ ಎದ್ದಾಗ, ಕೆಲಸ ಹೋದರೆ ಉಪವಾಸ ಬೀಳುವವರು ತಾವೇ ಎಂಬುದು ಅಲ್ಲಿನ ಕಾರ್ಮಿಕರಿಗೆ ಗೊತ್ತಿತ್ತು. ಕಾರ್ಮಿಕ ಸಂಘಗಳು ಕೇಳಿದ್ದು ಬ್ರ್ಯಾಂಡುಗಳ ಸಹಿಯನ್ನು. ಮುಂದಿನ ತಿಂಗಳೇ ಅಗ್ನಿ ಮತ್ತು ಕಟ್ಟಡ ಸುರಕ್ಷತೆಯ ಒಪ್ಪಂದ ಹುಟ್ಟಿತು. ಕ್ರಮೇಣ 200ಕ್ಕೂ ಹೆಚ್ಚು ಬ್ರ್ಯಾಂಡುಗಳು ಅದಕ್ಕೆ ಸಹಿ ಹಾಕಿದವು. ಕೋರ್ಟಿಗೆ ಎಳೆಯಬಹುದಾದ ಒಪ್ಪಂದವಾದ್ದರಿಂದ ಅದಕ್ಕೆ ಹಲ್ಲಿತ್ತು. ಆಗ ಗ್ರಾಹಕರು ಕೇಳಬೇಕಿದ್ದ ಪ್ರಶ್ನೆ ಸರಳ: ಸಹಿ ಹಾಕಿದ್ದೀರಾ, ಇಲ್ಲವಾ?

ನಮ್ಮಲ್ಲೂ ಇಂಥದೊಂದು ನಡೆದಿದೆ. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕೆಲಸಗಾರರ ಕನಿಷ್ಠ ಕೂಲಿಗೆ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆ ಸೇರಬೇಕಿತ್ತು. ಕೋವಿಡ್ ಕಾರಣ ಕೊಟ್ಟು ರಾಜ್ಯ ಸರ್ಕಾರ ಮುಂದೂಡಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಆದರೂ ಹಲವು ಕಾರ್ಖಾನೆಗಳು ಕೊಡಲಿಲ್ಲ. ಬೆಂಗಳೂರಿನ ಕಾರ್ಮಿಕ ಸಂಘಗಳು ಇಲ್ಲಿ ಹೋರಾಡಿದವು. ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಟಿಯಂ ಇಲ್ಲಿಂದ ಬಟ್ಟೆ ಕೊಳ್ಳುವ ಬ್ರ್ಯಾಂಡುಗಳ ಬೆನ್ನು ಬಿತ್ತು. 2021ರ ಕೊನೆ, 2022ರ ಆರಂಭದ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬಾಕಿ ಕೊಡತೊಡಗಿದವು. ಕೋರ್ಟಿಗೂ ಬಗ್ಗದ ಕಾರ್ಖಾನೆ ದೊಡ್ಡ ಗಿರಾಕಿಯ ಒಂದು ಪತ್ರಕ್ಕೆ ಬಗ್ಗುತ್ತದೆ. ಆ ದೊಡ್ಡ ಗಿರಾಕಿ ಬಗ್ಗುವುದು ನಿಮ್ಮಂಥ ಸಣ್ಣ ಗಿರಾಕಿಗಳು ಬಾಯಿ ಬಿಟ್ಟಾಗ.

ಆದ್ದರಿಂದ ನಿಯಮ: ಕಾರ್ಮಿಕರು ಅಥವಾ ನೊಂದ ಊರಿನವರು ಬಿಡಿ ಅಂದರೆ ಬಿಡಿ. ಒತ್ತಡ ಹಾಕಿ ಅಂದರೆ ಕೊಳ್ಳುತ್ತಲೇ ಪ್ರಶ್ನೆ ಕೇಳಿ. ಏನೂ ಹೇಳಿಲ್ಲವಾದರೆ ನಿಮ್ಮ ನಿರ್ಧಾರ ನಿಮ್ಮದು, ಅವರ ಹೆಸರು ಹೇಳಬೇಡಿ.

ಹಂತ 6: ಎಲ್ಲಿಯವರೆಗೆ ಅನ್ನುವ ಗೆರೆ ಎಳೆಯಿರಿ

ಬ್ರ್ಯಾಂಡ್ ಮಾತ್ರವೇ? ಕಂಪನಿಯ ಎಲ್ಲ ಬ್ರ್ಯಾಂಡುಗಳೇ? ಮಾತೃಸಂಸ್ಥೆಯೇ? ಅದನ್ನು ಮಾರುವ ಅಂಗಡಿಯೂ ಸೇರಿತೇ? ಮೊದಲೇ ತೀರ್ಮಾನ ಮಾಡದಿದ್ದರೆ ದಾರ ಎಳೆಯುತ್ತಾ ಹೋಗಿ ಇಡೀ ಸೀರೆಯೇ ಕೈಗೆ ಬರುತ್ತದೆ. ಸಿಗರೇಟು ಕಂಪನಿಯ ಹಿಟ್ಟು ಬೇಡ ಅಂದಿರಿ. ಆದರೆ ಐಟಿಸಿಯ ದೊಡ್ಡ ಷೇರುದಾರರಲ್ಲಿ ಎಲ್‌ಐಸಿಯೂ ಒಂದು. ನಿಮ್ಮ ಪಾಲಿಸಿಯ ಕಂತೂ ಅದೇ ಬೊಕ್ಕಸಕ್ಕೆ ಹೋಗುತ್ತದೆ. ಹಾಗಂತ ಪಾಲಿಸಿ ಒಡೆಯಬೇಕಿಲ್ಲ. ಪೂರ್ತಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ ಅನ್ನುವುದನ್ನು ಒಪ್ಪಿಕೊಂಡು, ನಿಮ್ಮ ಬೇಡಿಕೆ ಮುಟ್ಟಬೇಕಾದವರಿಗೆ ಮುಟ್ಟುವಷ್ಟು ದೂರಕ್ಕೆ ಗೆರೆ ಎಳೆದರೆ ಸಾಕು.

ರಿಯಾಯಿತಿಗಳನ್ನೂ ಇಲ್ಲೇ ಬರೆದಿಡಿ. ಔಷಧ, ಮಗುವಿನ ಆಹಾರ, ವೈದ್ಯರು ಹೇಳಿದ್ದು ಈ ಪಟ್ಟಿಯಿಂದ ಹೊರಗೆ. ಯಾರೋ ಪ್ರೀತಿಯಿಂದ ಕೊಟ್ಟ ಉಡುಗೊರೆ, ನೆಂಟರ ಮನೆಯ ಬಿಸ್ಕತ್ತು ಹೊರಗೆ. ಈಗಾಗಲೇ ಕೊಂಡದ್ದನ್ನು ಬಿಸಾಡಬೇಡಿ. ದುಡ್ಡು ಹೋಗಿಯಾಗಿದೆ, ಅಂಗಿ ಹರಿಯುವ ತನಕ ತೊಡಿ.

ಹಂತ 7: ಬದಲಿ ಹುಡುಕಿ, ಮುದ್ರೆ ನೋಡಿ ಮೋಸ ಹೋಗಬೇಡಿ

ಮೊದಲ ಬದಲಿ: ಕೊಳ್ಳದೇ ಇರುವುದು. ಎರಡನೆಯದು: ರಿಪೇರಿ, ಆಲ್ಟರ್, ಅಣ್ಣನದು ತಮ್ಮನಿಗೆ. ಮೂರನೆಯದು: ಬೇರೆ ಬ್ರ್ಯಾಂಡ್. ಕ್ರಮ ಇದೇ ಇರಲಿ, ಜೇಬಿಗೂ ಹಗುರ.

ಬೇರೆ ಬ್ರ್ಯಾಂಡಿಗೆ ಹೋಗುವಾಗ ಅದರ ಮೇಲಿನ ಮುದ್ರೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎರಡೂ ತಿಳಿದಿರಬೇಕು. ಸಿಲ್ಕ್ ಮಾರ್ಕ್ ಹೇಳುವುದು ರೇಷ್ಮೆ ಶುದ್ಧ ಅಂತ ಮಾತ್ರ. ನೂಲು ತೆಗೆದವರ ಕೂಲಿಯ ಬಗ್ಗೆ, ಕುದಿವ ನೀರಿಗೆ ಬಿದ್ದ ಹುಳುವಿನ ಬಗ್ಗೆ ಅದು ಮಾತಾಡುವುದಿಲ್ಲ. ಕರ್ನಾಟಕವೂ ಸೇರಿ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ವರದಿ ಮಾಡಿತ್ತು. ಶುದ್ಧ ರೇಷ್ಮೆಯೂ ಜೀತವೂ ಒಟ್ಟಿಗೇ ಇರಲು ಅಡ್ಡಿಯಿಲ್ಲ. ಹ್ಯಾಂಡ್‌ಲೂಮ್ ಮಾರ್ಕ್ ಹೇಳುವುದು ಕೈಮಗ್ಗದ್ದು ಅಂತ. ಜಿಒಟಿಎಸ್ ಮುದ್ರೆ ಸಾವಯವ ನೂಲಿನ ಜೊತೆ ಕೆಲಸದ ಸ್ಥಿತಿಯ ಷರತ್ತುಗಳನ್ನೂ ಒಳಗೊಂಡಿದೆ. ಜಮಖಾನ, ಕಾರ್ಪೆಟ್‌ಗೆ ಗುಡ್‌ವೀವ್ ಮುದ್ರೆ ಇದ್ದರೆ ಬಾಲಕಾರ್ಮಿಕರಿಲ್ಲದ ಮಗ್ಗದ್ದು ಎಂದರ್ಥ. 1994ರಲ್ಲಿ ಕೈಲಾಶ್ ಸತ್ಯಾರ್ಥಿ ಅವರ ಪ್ರಯತ್ನದಿಂದ ರಗ್‌ಮಾರ್ಕ್ ಎಂಬ ಹೆಸರಲ್ಲಿ ಶುರುವಾದದ್ದು ಅದು.

ಮುದ್ರೆಯೇ ಇಲ್ಲದೆ ಬರೀ ಹಸಿರು ಎಲೆಯ ಚಿತ್ರ, 'ಪ್ರಕೃತಿಸ್ನೇಹಿ' ಅನ್ನುವ ಪದ ಇದ್ದರೆ ಅನುಮಾನ ಪಡಿ. ಆಧಾರವಿಲ್ಲದೆ ಇಂಥ ಮಾತು ಬಳಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸುಳ್ಳು ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ.

ಕಣ್ಣೆದುರಿಗೇ ಇರುವ ಬದಲಿಗಳೂ ಇವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ಮಾಡುತ್ತಾ ಬಂದಿದ್ದಾರೆ. ಆಗಸ್ಟ್ ಬಂದಾಗ ರಾಷ್ಟ್ರಧ್ವಜ ಕೊಳ್ಳುವ ಸಂಘ-ಸಂಸ್ಥೆಯವರು ಹುಬ್ಬಳ್ಳಿಯ ಬೆಂಗೇರಿಯನ್ನು ನೆನೆಯಿರಿ. ಗರಗ, ತುಳಸಿಗೇರಿಯಲ್ಲಿ ನೇಯ್ದ ಖಾದಿ ಅಲ್ಲಿ ಧ್ವಜವಾಗುತ್ತದೆ; ಕೆಲಸಗಾರರಲ್ಲಿ ಹೆಂಗಸರೇ ಹೆಚ್ಚು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್, ಯಂತ್ರದ ಧ್ವಜಕ್ಕೂ ಅವಕಾಶ ಕೊಟ್ಟ ಮೇಲೆ ಅಲ್ಲಿನವರಿಗೆ ಪೆಟ್ಟು ಬಿತ್ತು. ಬಿಡುವ ಪಟ್ಟಿಯ ಪಕ್ಕದಲ್ಲೇ ಕೊಳ್ಳುವ ಪಟ್ಟಿಯೂ ಇದ್ದರೆ ಮನೆಯವರಿಗೂ ಹುರುಪು.

ಹಂತ 8: ಅಂಗಡಿ, ಆ್ಯಪ್‌ಗಳ ವಿಷಯ

ಬ್ರ್ಯಾಂಡ್ ಬಿಟ್ಟಷ್ಟು ಸುಲಭವಾಗಿ ಅಂಗಡಿ ಬಿಡಲಾಗುವುದಿಲ್ಲ, ಯಾಕೆಂದರೆ ಬೋರ್ಡು ಬೇರೆ ಬೇರೆ, ಗಲ್ಲಾಪೆಟ್ಟಿಗೆ ಒಂದೇ. ಮಿಂತ್ರಾ ಫ್ಲಿಪ್‌ಕಾರ್ಟಿನದು, ಫ್ಲಿಪ್‌ಕಾರ್ಟ್ 2018ರಿಂದ ವಾಲ್‌ಮಾರ್ಟ್ ಹಿಡಿತದಲ್ಲಿದೆ. ವೆಸ್ಟ್‌ಸೈಡ್, ಜೂಡಿಯೊ ಎರಡೂ ಟಾಟಾದ ಟ್ರೆಂಟ್ ಕಂಪನಿಯವು. ಬಿಗ್‌ಬ್ಯಾಸ್ಕೆಟ್ ಕೂಡ ಟಾಟಾ ಕುಟುಂಬದ್ದೇ. ಟ್ರೆಂಡ್ಸ್, ಆಜಿಯೊ, ಜಿಯೊಮಾರ್ಟ್ ರಿಲಯನ್ಸಿನವು. ಇದನ್ನು ಹೇಳಿದ್ದು ಯಾವುದನ್ನೂ ಬಿಡಿ ಅನ್ನಲು ಅಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಹೋಗುತ್ತಿರುವುದು ಎಲ್ಲಿಗೆ ಅಂತ ಗೊತ್ತಿರಲಿ ಅಂತ.

ಬೀದಿ ಮೂಲೆಯ ಅಂಗಡಿಯೂ ತನ್ನಷ್ಟಕ್ಕೆ ತಾನೇ ಪುಣ್ಯಕ್ಷೇತ್ರವಲ್ಲ. ಅಲ್ಲಿ ಪೊಟ್ಟಣ ಕಟ್ಟುವ ಹುಡುಗನ ವಯಸ್ಸು ನೋಡಿ. ಆದರೆ ಅಲ್ಲಿ ಒಂದು ಅನುಕೂಲವಿದೆ, ಮಾತಾಡಬಹುದು. 'ಅಣ್ಣಾ, ಈ ಕಂಪನಿದು ಬೇಡ, ಬೇರೆ ಇದ್ರೆ ಕೊಡಿ' ಅಂತ ನಾಲ್ಕು ಮನೆಯವರು ಕೇಳಿದರೆ ಮುಂದಿನ ವಾರ ಆತ ಬೇರೆಯದನ್ನು ತರಿಸುತ್ತಾನೆ.

ಡೆಲಿವರಿ ಆ್ಯಪ್ ಬಿಡಲಾಗದವರು ಬಳಸುವ ರೀತಿ ಬದಲಿಸಬಹುದು: ಹತ್ತು ನಿಮಿಷದ ಆತುರದ ಆರ್ಡರ್ ಬೇಡ, ಮಳೆಯಲ್ಲಿ ಬೇಡ, ತಡವಾಯಿತೆಂದು ಕಡಿಮೆ ರೇಟಿಂಗ್ ಬೇಡ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ಮಾಡಿ, ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಲ್ಯಾಣ ಶುಲ್ಕವಾಗಿ ಕಂಪನಿಗಳಿಂದ ವಸೂಲು ಮಾಡಲು ದಾರಿ ಮಾಡಿದೆ. ಗ್ರಾಹಕರಾಗಿ ನೀವು ಕೇಳಬೇಕಾದ ಪ್ರಶ್ನೆ ಸಿದ್ಧವಾಗಿಯೇ ಇದೆ: 'ನೀವು ಆ ಶುಲ್ಕ ಕಟ್ಟುತ್ತಿದ್ದೀರಾ?'

ಹಂತ 9: ಹೇಳಿ ಬಿಡಿ, ಮರಳುವ ಷರತ್ತು ಇಟ್ಟು ಬಿಡಿ

ಪೊಟ್ಟಣದ ಹಿಂದಿನ ಗ್ರಾಹಕ ಸೇವೆಯ ಇ-ಮೇಲ್‌ಗೆ ಕಂಪನಿಯ ಕಾರ್ಯದರ್ಶಿಯ ವಿಳಾಸವನ್ನೂ ಸೇರಿಸಿ ಪತ್ರ ಕಳಿಸಿ. ಲಿಸ್ಟೆಡ್ ಕಂಪನಿಯಾದರೆ ಅದು ವಾರ್ಷಿಕ ವರದಿಯಲ್ಲಿ ಸಿಗುತ್ತದೆ. ಬೈಗುಳ ಬೇಡ, ಉದ್ದ ಬೇಡ. ಮಾದರಿ ಹೀಗಿರಲಿ:

'ಮಾನ್ಯರೇ, ಪ್ರತಿ ಯುಗಾದಿ, ದೀಪಾವಳಿಗೆ ನಮ್ಮ ಮನೆಯ ನಾಲ್ಕು ಜನರ ಬಟ್ಟೆ ನಿಮ್ಮ ಮಳಿಗೆಯಲ್ಲೇ ಕೊಳ್ಳುತ್ತಿದ್ದೆವು. ನಿಮಗೆ ಬಟ್ಟೆ ಹೊಲಿದುಕೊಡುವ ಕಾರ್ಖಾನೆಗಳ ಪಟ್ಟಿ ನಿಮ್ಮ ಜಾಲತಾಣದಲ್ಲಿ ಸಿಗಲಿಲ್ಲ. ಅದನ್ನು ವಿಳಾಸ ಸಮೇತ ಪ್ರಕಟಿಸುವ ತನಕ ನಿಮ್ಮಲ್ಲಿ ಕೊಳ್ಳುವುದನ್ನು ನಿಲ್ಲಿಸಿದ್ದೇವೆ. ಪ್ರಕಟಿಸಿದ ದಿನ ತಿಳಿಸಿ, ಮತ್ತೆ ಬರುತ್ತೇವೆ.'

ಈ ಪತ್ರದಲ್ಲಿ ನಷ್ಟದ ಲೆಕ್ಕವಿದೆ, ಕಂಪನಿ ಮಾಡಬಹುದಾದ ಒಂದು ಕೆಲಸವಿದೆ, ವಾಪಸಾತಿಯ ಬಾಗಿಲು ತೆರೆದಿದೆ. ಇದನ್ನೇ ಸಾಮಾಜಿಕ ಜಾಲತಾಣದಲ್ಲಿ ಹಾಕುವುದಾದರೆ ನೀವು ಸಾಬೀತು ಮಾಡಬಲ್ಲಷ್ಟನ್ನೇ ಬರೆಯಿರಿ. ಮಾನನಷ್ಟದ ನೋಟಿಸು ಬರುವುದು ವಿಶೇಷಣಗಳಿಗೆ. ಮಳಿಗೆಯಲ್ಲಿ ನಿಂತ ಸೇಲ್ಸ್ ಹುಡುಗಿಯ ಮೇಲೆ ರೇಗಬೇಡಿ, ಆಕೆಯ ಸಂಬಳವೂ ನಿಮ್ಮ ಕಾರಣದೊಳಗೇ ಬರುತ್ತದೆ.

ಇದಕ್ಕೆ ತಾಳ್ಮೆ ಬೇಕು. ಬಡ ದೇಶಗಳಲ್ಲಿ ಮಗುವಿನ ಹಾಲಿನಪುಡಿಯ ಪ್ರಚಾರ ವಿರೋಧಿಸಿ ನೆಸ್ಲೆ ವಿರುದ್ಧ 1977ರಲ್ಲಿ ಅಮೆರಿಕದಲ್ಲಿ ಚಳವಳಿ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಹಿತೆ ಬಂತು, ಕಂಪನಿ ಒಪ್ಪಿದ ಮೇಲೆ 1984ರಲ್ಲಿ ಚಳವಳಿ ನಿಂತಿತು, ಮಾತು ತಪ್ಪಿದೆ ಎಂದು 1988ರಲ್ಲಿ ಮತ್ತೆ ಆರಂಭವಾಯಿತು. ಆ ಸಂಹಿತೆಯ ಫಲವೇ ನಮ್ಮ 1992ರ ಶಿಶು ಆಹಾರ ಕಾಯ್ದೆ. ಹಾಲಿನಪುಡಿಯ ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ, ತಾಯಿಯ ಹಾಲೇ ಶ್ರೇಷ್ಠ ಅನ್ನುವ ಮಾತು ಇರಲೇಬೇಕು. ಕೊಡೈಕೆನಾಲ್‌ನಲ್ಲಿ ಹಿಂದೂಸ್ತಾನ್ ಯೂನಿಲಿವರ್‌ನ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ಕಸ ಗುಜರಿ ಅಂಗಡಿಯಲ್ಲಿ ಸಿಕ್ಕಿ, 2001ರಲ್ಲಿ ಅದು ಮುಚ್ಚಿತು. ಪಾದರಸದಿಂದ ಆರೋಗ್ಯ ಕೆಟ್ಟಿತೆಂದು ದೂರಿದ್ದ 591 ಮಾಜಿ ಕಾರ್ಮಿಕರ ಜೊತೆ ಕಂಪನಿ ಒಪ್ಪಂದಕ್ಕೆ ಬಂದದ್ದು 2016ರಲ್ಲಿ. ಅದರ ಹಿಂದಿನ ವರ್ಷ ಚೆನ್ನೈನ ಸೋಫಿಯಾ ಅಶ್ರಫ್ ಹಾಡಿದ ರ‍್ಯಾಪ್ ವಿಡಿಯೊ ಆ ಹಳೆಯ ದೂರನ್ನು ಹೊಸ ಗಿರಾಕಿಗಳ ಕಿವಿಗೆ ಹಾಕಿತ್ತು. ಹದಿನೈದು ವರ್ಷ ಸುಮ್ಮನೆ ಸೋಪು ಬದಲಿಸಿದವರಿಂದ ಆಗದ ಕೆಲಸ ಬಾಯಿಬಿಟ್ಟು ಕೇಳಿದವರಿಂದ ಆಯಿತು.

ಕಂಪನಿ ಬೇಡಿಕೆ ಈಡೇರಿಸಿದರೆ ನಿಜವಾಗಿಯೂ ವಾಪಸ್ ಹೋಗಿ, ಹೋದೆವೆಂದು ಪತ್ರ ಬರೆಯಿರಿ. ಸರಿ ಮಾಡಿಕೊಂಡರೂ ಗಿರಾಕಿ ಬರುವುದಿಲ್ಲ ಅಂತಾದರೆ ಯಾವ ಕಂಪನಿ ಸರಿ ಮಾಡಿಕೊಳ್ಳುತ್ತದೆ?

ಈ ವಾರ ಮಾಡಬೇಕಾದ್ದು

ಶನಿವಾರ ಬಿಲ್ಲು ಹರಡಿ ಹಂತ 1, 2 ಮುಗಿಸಿ. ಭಾನುವಾರ ಊಟವಾದ ಮೇಲೆ ಮನೆಯವರ ಜೊತೆ ಮಾತಾಡಿ. ಅಡುಗೆ ಮಾಡುವವರು ಒಪ್ಪದ ಎಣ್ಣೆ, ಮಕ್ಕಳು ಒಪ್ಪದ ಬಿಸ್ಕತ್ತು ಬಿಡಿಸಲು ಹೋಗಬೇಡಿ. ಎಲ್ಲರೂ ಒಪ್ಪುವ ಒಂದನ್ನು ಆರಿಸಿ. ವಾರದ ನಡುವೆ ಅರ್ಧ ಗಂಟೆ ಕೂತು ಹಿಂಬದಿಯ ಹೆಸರು, ಒಡೆತನ, ವರದಿ ನೋಡಿ. ಮುಂದಿನ ಶನಿವಾರ ಪತ್ರ ಕಳಿಸಿ, ನಕಲು ನೋಟ್‌ಬುಕ್ಕಿಗೆ ಅಂಟಿಸಿ, ಮೂರು ತಿಂಗಳ ನಂತರದ ಒಂದು ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ಉತ್ತರ ಬಂದಿರದಿದ್ದರೆ ಅದೇ ಪತ್ರವನ್ನು ಮತ್ತೆ ಕಳಿಸಿ. ಈ ಸಲ ಕೆಳಗೆ ಪಕ್ಕದ ಮನೆಯವರ ಸಹಿಯೂ ಇರಲಿ.